ದೇವಸ್ಯ ನೆಟ್ಟ, ಅಥವಾ ಕಡಿದ, ಕಾಡು

ಎಲ್ಲಿಂದ ಶುರು ಮಾಡುವುದು? ಪುರಾಣದ ಪದ್ಯ ಹಾಡುವವರಿಗೆ ಈ ತೊಂದರೆ ಇಲ್ಲ. ದೇವರನ್ನು ನೆನೆದು ಸ್ವರ ಎತ್ತಿದರಾಯಿತು, ಕಥೆ ತಾನಾಗಿ ಹಿಂದೆ ಬರುತ್ತದೆ. ನಾನೂ ಕೈಮುಗಿದು ಕೂತೆ. ಎದುರು ಬಂದು ನಿಂತದ್ದು ದೇವರಲ್ಲ, ದೇವಸ್ಯ.

"ನನ್ನಿಂದ ಶುರು ಮಾಡುದು ಬೇಡ. ಕಾಡಿನಿಂದ ಮಾಡಿ."

೧. ಆಯಿತು, ಕಾಡಿನಿಂದ

೧೯೭೪. ಪುತ್ತೂರಿಗೂ ಕಡಬಕ್ಕೂ ನಡುವೆ ಒಂದು ಪುರಸಭೆ. (ಮ್ಯಾಪಿನಲ್ಲಿ ಹುಡುಕಬೇಡಿ, ಕಥೆಗೆ ಬೇಕೆಂದು ನಾನೇ ಇಟ್ಟದ್ದು.) ಅದರ ಪಾಲಿಗೊಂದು ಗುಡ್ಡ ಬಂತು. ಅಲ್ಲಿ ಊರವರಿಗೆ ಕಾಡಿನ ಪಾರ್ಕು ಮಾಡಬೇಕೆಂದು ಠರಾವಾಯಿತು. ಕೆಲಸ ಸಿಕ್ಕಿದ್ದು ದೇವಸ್ಯನಿಗೆ, ಕೇರಳದಿಂದ ಬಂದು ಕಡಬದ ಬದಿಯಲ್ಲಿ ರಬ್ಬರ್ ತೋಟ ಎಬ್ಬಿಸಿದವನಿಗೆ. ಅವನಿಗೆ ಗೊತ್ತಿದ್ದ ಕ್ರಮ ಒಂದೇ: ಮೊದಲು ಇದ್ದದ್ದನ್ನೆಲ್ಲ ಕಡಿಯುವುದು, ಬೆಂಕಿ ಕೊಡುವುದು, ಆಮೇಲೆ ಹೊಂಡ ತೆಗೆದು ಸಾಲಾಗಿ ನೆಡುವುದು. ಕಾಡು ಮಾಡು ಎಂದರು. ಗುಡ್ಡದಲ್ಲಿದ್ದ ಕಾಡನ್ನು ಬುಡಕ್ಕೆ ಕಡಿದು, ಕಾಡು ನೆಟ್ಟ. ಕಡಿದದ್ದೂ ಮರುವ, ನೇರಳೆಯ ಮರ. ನೆಟ್ಟದ್ದೂ ಮರುವ, ನೇರಳೆಯ ಸಸಿ.

(ಇಲ್ಲಿ ನಗಬೇಡಿ. ನಾನು ನಕ್ಕು ಒಂದು ಪುಟ ಬರೆದಿದ್ದೆ, ದೇವಸ್ಯ ಓದಿ ಹರಿದು ಹಾಕಿದ.)

ಮುಂದಿನ ಬೇಸಗೆಗೆ ಸಸಿಗಳು ಒಣಗಿದವು. ಎಲ್ಲವೋ, ಕೆಲವೋ, ಯಾರೂ ನೋಡಲಿಲ್ಲ. ಮಳೆ ಬಿದ್ದಾಗ ಹಳೆಯ ಬುಡಗಳೂ ಚಿಗುರಿದವು. ಹನ್ನೆರಡು ವರ್ಷದಲ್ಲಿ ಗುಡ್ಡದ ತುಂಬ ಕಾಡು.

೨. ಈಗ ಬೀಫಾತುಮ್ಮ ಬರಬೇಕು

ಬಂದಳು, ತಲೆಯ ಮೇಲೆ ಹೆಡಿಗೆ, ಎಲೆ ತುಂಬುವ ದೊಡ್ಡ ಬುಟ್ಟಿ. ಗುಡ್ಡದ ಬುಡದ ಮನೆಯವಳು. ಊರವರ ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡಿಕೊಟ್ಟು ಬದುಕುವವಳು. ಒಲೆಗೆ ಹಾಕುವುದು ಗುಡ್ಡದ ತರಗೆಲೆ, ಬೇರೆ ಸೌದೆ ಅವಳಿಗಿಲ್ಲ.

ಈಗ ಪಾರ್ಕಿಗೆ ಬೇಲಿ, ಗೇಟು ಬಂದಿದೆ. ಗೇಟಿನ ಬದಿಯ ಕಲ್ಲಿನಲ್ಲಿ ಕಾಡು ನೆಟ್ಟವನೆಂದು ದೇವಸ್ಯನ ಹೆಸರು ಕೆತ್ತಿಸುವುದೆಂದು ನಿಶ್ಚಯವಾಗಿದೆ. ಮಗಳು ಲಾಲಿ ಆ ದಿನಕ್ಕೆಂದು ಅಪ್ಪನಿಗೆ ಶರ್ಟು ಹೊಲಿಸಿದ್ದಾಳೆ. ಪುರಸಭೆಯ ಗೌರೀಶಂಕರರ ಲೆಕ್ಕಾಚಾರ ಸರಳ: ನೆಟ್ಟ ತೋಟವಾದರೆ ಬಿದ್ದ ಎಲೆಯೂ ಪುರಸಭೆಯದು, ಹೊರಗಿನವರು ಗುಡಿಸುವ ಹಾಗಿಲ್ಲ. ಮೊದಲೇ ಇದ್ದ ಕಾಡಾದರೆ ಮೊದಲಿನಿಂದ ಹೋಗುತ್ತಿದ್ದವರು ಹೋಗಬಹುದು. ಯಾವುದೆಂದು ಹೇಳಬೇಕಾದವನು ದೇವಸ್ಯ.

೩. ಅವನಿಗೇ ಗೊತ್ತಿಲ್ಲ

ಹಾಗಾಗಿ ಅವನೂ ಬೀಫಾತುಮ್ಮನೂ ಗುಡ್ಡ ಹತ್ತಿದರು. (ಅವನ ಮಾತು ಮಲಯಾಳ, ಅವಳದು ಬ್ಯಾರಿ. ಒಬ್ಬರದು ಒಬ್ಬರಿಗೆ ಅರ್ಥವಾಗುತ್ತದೆ. ಕನ್ನಡಕ್ಕೆ ತರುವ ಕಷ್ಟ ಮಾತ್ರ ನನ್ನದು.) ತಾನು ಸಾಲಾಗಿ ನೆಟ್ಟವನು, ಸಾಲು ಸಿಕ್ಕಿದರೆ ತನ್ನದು ಎಂದ ದೇವಸ್ಯ. ಎರಡು ಮರುವದ ಮರ ತೋರಿಸಿದ.

"ಎರಡು ಮರ ಎಲ್ಲಿ ನಿಂತರೂ ಸಾಲೇ ಅಲ್ವಾ ಚೇಟ?" ಅಣ್ಣನನ್ನು ಕರೆದ ಹಾಗೆ ಕೇಳಿದಳು ಬೀಫಾತುಮ್ಮ.

ಮೂರನೆಯದನ್ನು ಹುಡುಕಿದ. ಸಿಕ್ಕಿತು, ಸ್ವಲ್ಪ ಓರೆ. ಸಾಲು ಓರೆಯೋ, ತಾನು ನಿಂತದ್ದು ಓರೆಯೋ ತಿಳಿಯಲಿಲ್ಲ. ಆಮೇಲೆ ಬಗ್ಗಿ ಬುಡ ನೋಡಿದ. ಬುಡದಲ್ಲೇ ಕವಲೊಡೆದಿದ್ದರೆ ಕಡಿದು ಚಿಗುರಿದ್ದು, ಹಳೆಯದು. ಹಾಗಾದರೆ ಎಲೆ ನಿಮ್ಮದು ಎಂದ.

ಬೀಫಾತುಮ್ಮ ಹೆಡಿಗೆ ಕೆಳಗಿಟ್ಟಳು.

"ನನ್ನ ಆಡು ನಿಮ್ಮ ಸಸಿಗಳ ತುದಿ ತಿಂದಿತ್ತು. ಅದೂ ಕವಲೇ ಒಡೆದದ್ದು."

"ಉಮ್ಮ, ನೀವು ಯಾರ ಕಡೆ?"

"ನಾನು ಆಡಿನ ಕಡೆ."

೪. ಮುಗಿಸುವ ಪ್ರಯತ್ನಗಳು

(ಅ) ದೇವಸ್ಯ "ಮೊದಲೇ ಇತ್ತು" ಎನ್ನುತ್ತಾನೆ. ಹಾಗಾದರೆ ಕಡಿದದ್ದು ಯಾರೆಂದು ಊರು ಕೇಳುತ್ತದೆ. ಲಾಲಿ ತಲೆ ತಗ್ಗಿಸುತ್ತಾಳೆ. ಇದನ್ನು ಬರೆದರೆ ಕಥೆಯಿಂದಿಳಿದು ನೆಟ್ಟಣ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುತ್ತೇನೆ ಎಂದು ದೇವಸ್ಯ ನನ್ನನ್ನು ಹೆದರಿಸಿದ. ಬಿಟ್ಟೆ.

(ಆ) "ನಾನೇ ನೆಟ್ಟದ್ದು." ಶಾಲು, ಚಪ್ಪಾಳೆ. ಬೀಫಾತುಮ್ಮ ನನ್ನ ಕಡೆ ತಿರುಗಿದಳು. "ನೀವು ಕುಚ್ಚಲಕ್ಕಿ ಉಣ್ಣುದಲ್ವಾ ಮಾರಾಯ್ರೆ? ಅದು ಎಂತದರಲ್ಲಿ ಬೆಂದದ್ದು ಅಂತ ಗೊತ್ತುಂಟಾ?" ಬರೆದದ್ದನ್ನು ಹೊಡೆದು ಹಾಕಿದೆ.

(ಇ) ಮೂರನೆಯದನ್ನು ನಾನು ಬರೆಯಲಿಲ್ಲ. ಅವರೇ ಮಾಡಿಕೊಂಡರು. ಗೇಟಿನ ಮುಂದೆ ಜನ ಸೇರಿದ್ದರು. ನೆಟ್ಟದ್ದೋ, ಮೊದಲೇ ಇದ್ದದ್ದೋ ಎಂದು ಗೌರೀಶಂಕರರು ಬೀಗ ಹಿಡಿದು ಕೇಳಿದರು. ಹೊಸ ಶರ್ಟಿನ ದೇವಸ್ಯ ಗುಡ್ಡವನ್ನೇ ನೋಡುತ್ತ ನಿಂತ.

"ಕಡಿದದ್ದು ನಾನು. ನೆಟ್ಟದ್ದೂ ನಾನೇ. ಈಗ ಇರುವುದು ಯಾವುದು ಅಂತ ನನಗೆ ಗೊತ್ತಿಲ್ಲ."

ಜನ ಗುಜುಗುಜು ಅಂದರು. ಲಾಲಿ ತಲೆ ತಗ್ಗಿಸಲಿಲ್ಲ. ಅಪ್ಪನ ಹತ್ತಿರ ಹೋಗಿ ನಿಂತಳು. (ಅದನ್ನು ನಾನು ಯೋಚಿಸಿರಲಿಲ್ಲ.)

"ಗೊತ್ತಿಲ್ಲ ಅಂತ ಕಲ್ಲಿನಲ್ಲಿ ಕೆತ್ತುದು ಹೇಗೆ ಮಾರಾಯ?" ಎಂದರು ಗೌರೀಶಂಕರರು.

ಈ ಚರ್ಚೆ ನಡೆಯುವಾಗಲೇ ಬೀಫಾತುಮ್ಮ ಹೆಡಿಗೆ ಹೊತ್ತು ಒಳಗೆ ಹೋದದ್ದು. ಜನ ಒಳಗಿರುವಾಗ ಬೀಗ ಹಾಕುವ ಹಾಗಿಲ್ಲವಲ್ಲ. ಅವಳು ಬರಲಿ ಎಂದು ಗೌರೀಶಂಕರರು ಬೀಗ ಹಿಡಿದು ಕಾದರು, ಕಲ್ಲಿನವನು ಉಳಿ ಹಿಡಿದು ಕಾದ, ನಾನು ಪೆನ್ನು ಹಿಡಿದು ಕಾದೆ. ಎಲೆ ಗುಡಿಸುವ ಸದ್ದು ಒಮ್ಮೆ ಹತ್ತಿರ ಕೇಳುತ್ತದೆ, ಒಮ್ಮೆ ದೂರ. ಅವಳನ್ನು ಕರೆದು ತರುತ್ತೀಯಾ ಎಂದು ಗೌರೀಶಂಕರರು ದೇವಸ್ಯನನ್ನು ಕೇಳಿದರು.

"ಬರ್ತಾರೆ," ಅಂದ ದೇವಸ್ಯ. "ಗುಡ್ಡ ದೊಡ್ಡದುಂಟು."