ಬಿಳಿ ಪಂಚೆಯ ಮುಂದೆ

ಮೊದಲನೆಯದರಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿಬಿಟ್ಟಿದ್ದಳು.

ಕಾಂತರಾಜು ಬಿಸಿಲಿಗೆ ಕೈ ಅಡ್ಡ ಹಿಡಿದು ಕ್ಯಾಮೆರಾದ ಪರದೆ ನೋಡಿದ. ಮುಖದ ಸುಕ್ಕುಗಳೆಲ್ಲ ಸ್ಪಷ್ಟವಾಗಿದ್ದವು. ಕಣ್ಣೊಂದು ಬಿಟ್ಟರೆ ದೋಷವಿರಲಿಲ್ಲ.

"ಇನ್ನೊಂದ್ಸಲ, ದೊಡ್ಡಮ್ಮ. ರೆಪ್ಪೆ ಬಡೀಬೇಡ."

"ಪಿಂಚಣಿ ಕೊಡೋರು ರೆಪ್ಪೇನೂ ನೋಡ್ತಾರೇನ್ಲಾ?"

ಕುರ್ಚಿಯ ಹಿಂದೆ ಬಿಳಿ ಪಂಚೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ ಅವಳ ಮಗ ದೊಡ್ಡಯ್ಯ ಅದರ ಮರೆಯಿಂದಲೇ ಗದರಿದ. "ಸುಮ್ಕಿರವ್ವ. ಓದ್ಕೊಂಡಿರೋನ್ಗೆ ಗೊತ್ತಿರ್ತದೆ."

ಪಿಂಚಣಿಯ ಮಾತು ಸುಳ್ಳು. ದೊಡ್ಡಪ್ಪ ಸತ್ತಾಗ ಅವನದೊಂದು ಬಿಡಿ ಫೋಟೊ ಮಲ್ಲಿಪಟ್ಟಣದ ಈ ಮನೆಯಲ್ಲಿ ಇರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಅವನನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಗೋಡೆಯ ಮೇಲೆ ಈಗಲೂ ಅವನ ಭುಜಕ್ಕೆ ಯಾರದೋ ಕೈ ಅಂಟಿಕೊಂಡಿದೆ.

"ಅವ್ವಂದು ಅಂಗಾಗ್ಬಾರ್ದು ಕಣ. ಉಸ್ರಿರೋವಾಗ್ಲೇ ಒಂದು ತೆಗುದ್ಬುಡು. ಯಾತಕ್ಕೆ ಅಂತ ಅವಳ್ಗೆ ತಿಳೀಬಾರ್ದು ಅಷ್ಟೆಯ" ಎಂದು ದೊಡ್ಡಯ್ಯ ಫೋನಿನಲ್ಲಿ ಹೇಳಿದ್ದ.

ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕಾಂತರಾಜು ಒಪ್ಪಿದ್ದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಈ ದೊಡ್ಡಮ್ಮನೇ. ಆದರೂ ಒಪ್ಪುವಾಗ ಮನಸ್ಸಿಗೆ ಬಂದದ್ದು ಯಾವ ಲೆನ್ಸು ತರಬೇಕೆಂಬುದು. ದುಃಖ ದಾರಿಯಲ್ಲಿ ಬರಬಹುದೆಂದು ಬಸ್ಸಿನಲ್ಲಿ ಕಾದ. ಬರಲಿಲ್ಲ.

ನಡುವೆ ಕವಿದ ಮೋಡ ಸರಿಯಲೆಂದು ಮುಕ್ಕಾಲು ಗಂಟೆ ಕಾದು ತೆಗೆದ ಎರಡನೆಯದು ಚೆನ್ನಾಗಿ ಬಂತು. ದೊಡ್ಡಮ್ಮ ತೋರಿಸೆಂದು ಕೇಳಿ ನೋಡಿದಳು.

"ಪಿಂಚಣಿಗೆ ಇಷ್ಟು ಚೆಂದ ಯಾಕ್ಲಾ?"

ಅವನು ಕ್ಯಾಮೆರಾ ಒರೆಸತೊಡಗಿದ. ದೊಡ್ಡಯ್ಯನ ಹೆಂಡತಿ ಕಾಫಿ ತಂದಳು. ಲೋಟ ಇನ್ನೂ ಖಾಲಿಯಾಗಿರಲಿಲ್ಲ, ಅಂಗಳದ ಮುಂದೆ ಆಟೋ ನಿಂತಿತು. ಕೊಣನೂರಿನ ಶೋಭಿತಾ, ದೊಡ್ಡಮ್ಮನ ತಮ್ಮನ ಮಗಳು, ಸೇವಂತಿಗೆ ಹಾರ ಹಿಡಿದು "ಅತ್ತೇ, ಬುಟ್ಟೋದ್ಯಲ್ಲವ್ವಾ" ಎಂದು ಅಳುತ್ತ ಓಡಿ ಬಂದವಳು ಕುರ್ಚಿಯ ಮುಂದೆ ನಿಂತುಬಿಟ್ಟಳು.

"ಯಾರವ್ವ ಓಗ್ಬುಟ್ಟೋರು?" ಎಂದಳು ದೊಡ್ಡಮ್ಮ.

ಶೋಭಿತಾ ಕಾಂತರಾಜುವಿನತ್ತ ತಿರುಗಿದಳು. ತನ್ನ ಫೋನನ್ನು ಅವನ ಮುಖಕ್ಕೆ ಹಿಡಿದಳು. ಅದರಲ್ಲಿ ಅವನು ತೆಗೆದ ಮೊದಲ ಫೋಟೊ ಇತ್ತು. ಅಂಗಳ, ಕುರ್ಚಿ, ಹಿಂದೆ ಬಿಳಿ ಬಟ್ಟೆ, ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು. ಈ ಕಡೆ ಹೆಣವನ್ನು ಕೂರಿಸುವುದು ಹೀಗೆಯೇ.

ಅವನಿಗೆ ತಕ್ಷಣ ಅರ್ಥವಾಯಿತು. ಕ್ಯಾಮೆರಾದೊಳಗಿದ್ದದ್ದು ವೈಫೈ ಕಾರ್ಡು. ತೆಗೆದ ಫೋಟೊ ತಂತಿಯಿಲ್ಲದೆ ಅವನ ಫೋನಿಗೆ, ಅಲ್ಲಿಂದ ನೆಂಟರೆಲ್ಲ ನೋಡುವ ಆಲ್ಬಮ್ಮಿಗೆ ಹೋಗುತ್ತಿತ್ತು. ಹೋದ ತಿಂಗಳು ಚನ್ನರಾಯಪಟ್ಟಣದ ಮದುವೆಯಲ್ಲಿ ಅವನೇ ಹೆಮ್ಮೆಯಿಂದ ಜೋಡಿಸಿದ್ದ. ಆಮೇಲೆ ಬಿಚ್ಚಿರಲಿಲ್ಲ. ಚೀಲದಲ್ಲಿದ್ದ ಫೋನು, ತರಗತಿಯ ಅಭ್ಯಾಸದಂತೆ, ಸದ್ದಿಲ್ಲದೆ ಇತ್ತು; ನೆಂಟರ ಕರೆಗಳು ಅದಕ್ಕೆ ಬರುತ್ತಲೇ ಇದ್ದವು.

"ನಾನು ಕಳಿಸಿದ್ದಲ್ಲ" ಎಂದ. ಪಾಠ ಹೇಳುವ ದನಿಯೇ ಬಂತು. "ಕಾರ್ಡು ತಾನಾಗಿ ಕಳಿಸುತ್ತೆ."

"ಕಾರ್ಡು ಏಳ್ತಾ, ಅತ್ತೆ ತೀರ್ಕೊಂಡ್ರು ಅಂತ?"

"ಅದು ಏನೂ ಹೇಳಲ್ಲ. ನೀವೇ ಅಂದ್ಕೊಂಡಿರಿ."

"ಅಂದ್ಕೊಳ್ದೆ? ಇರೋರ್ನ ಯಾರಾದ್ರೂ ಇಂಗೆ ಕೂರ್ಸಿ ತೆಗೀತಾರಾ?"

"ಪಿಂಚಣಿದು ಕಣವ್ವ, ಪಿಂಚಣಿದು" ಎನ್ನುತ್ತ ದೊಡ್ಡಯ್ಯ ಪಂಚೆ ಮಡಿಸುತ್ತಿದ್ದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ.

ದೊಡ್ಡಮ್ಮ ಫೋನಿಗೆ ಕೈಚಾಚಿದಳು. ಈಸಿಕೊಂಡು ಕಣ್ಣ ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು.

"ಇದೇ ಇರ್ಲಿ ಬುಡು. ಗ್ವಾಡೆಗೆ ಇದೇ ಸರಿ."

ಗೋಡೆಯ ಮಾತನ್ನು ಅವಳೆದುರು ಯಾರೂ ಎತ್ತಿರಲಿಲ್ಲ.

ಹಾದಿಯಲ್ಲಿ ಇನ್ನೊಂದು ಗಾಡಿಯ ಸದ್ದಾಯಿತು. ಶೋಭಿತಾ ಹಾರವನ್ನು ಬೆನ್ನ ಹಿಂದೆ ಸರಿಸಿಕೊಂಡಳು. ದೊಡ್ಡಮ್ಮ ಅದನ್ನು ನೋಡಿದಳು.

"ಅಷ್ಟು ದೂರದಿಂದ ತಂದಿದ್ದೀಯ. ಬಾಡೋಯ್ತದೆ. ಆಕು."

ಹಾಗೆಂದು ಕತ್ತು ಬಾಗಿಸಿದಳು.

ಶೋಭಿತಾ ಅಲುಗಲಿಲ್ಲ. ದೊಡ್ಡಯ್ಯ ಪಂಚೆ ಹಿಡಿದು ಒಳಗೆ ಹೋದ. ಏನಾದರೂ ಹೇಳಬೇಕಾದವನು ತಾನೆಂದು ಕಾಂತರಾಜುವಿಗೆ ಗೊತ್ತಿತ್ತು. "ದೊಡ್ಡಮ್ಮ" ಎಂಬ ಒಂದು ಮಾತು ಸಾಕಿತ್ತು. ಅದಕ್ಕಾಗಿ ಬಾಯಿ ತೆರೆದ. ಆದರೆ ಅವನ ಕಣ್ಣಿಗೆ ಬಿದ್ದದ್ದು, ತನ್ನ ನೆರಳು ಅವಳ ಮೇಲೆ ಅಡ್ಡ ಬಿದ್ದಿದೆ ಎಂಬುದು.

ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಬಾಗಿದ ಬರಿಗತ್ತಿನ ಮೇಲೆ ಬಿಸಿಲು ಬಿತ್ತು. ಅವಳು ತಲೆ ಎತ್ತಲಿಲ್ಲ.