ನೇರಳೆ ಮುಚ್ಚಳದ ಟ್ಯೂಬು

ನನ್ನ ಹೆಂಡತಿಗೆ ಒಂದು ಚಟ. ಎರಡು ಮೂರು ಇಂಗ್ಲಿಷ್ ಅಕ್ಷರ ಒಟ್ಟಿಗೆ ನಿಂತಿರುವುದು ಕಣ್ಣಿಗೆ ಬಿದ್ದರೆ ಅದನ್ನು ಬಿಡಿಸಿ ನೋಡದೆ ಅವಳಿಗೆ ಸಮಾಧಾನವಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು, ವಾರ್ಡುಗಳಿಂದ ರಕ್ತದ ಟ್ಯೂಬು ಹೊತ್ತು ತರುವುದು ಅವಳ ಕೆಲಸ. ಓದಿದ್ದು ಏಳನೇ ಕ್ಲಾಸು. ಸಂಜೆ ಬಂದವಳೇ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಆವತ್ತು ಕಲಿತದ್ದನ್ನು ಒಪ್ಪಿಸುತ್ತಾಳೆ.

“ಪಿಸಿಆರ್ ಅಂದ್ರೆ ಪಾಲಿಮರೇಸ್ ಚೈನ್ ರಿಯಾಕ್ಷನ್. ಒಂಚೂರು ಡಿಎನ್‌ಎ ಸಿಕ್ಕಿದ್ರೆ ಸಾಕು, ಲಕ್ಷಗಟ್ಟಲೆ ಮಾಡ್ಕೊಡುತ್ತೆ.”

“ಹಾಗಾದ್ರೆ ಈ ಪ್ಯಾಂಟ್ ಬಟ್ಟೆ ತಗೊಂಡ್ಹೋಗು, ಅದನ್ನೂ ಒಂದು ಥಾನು ಮಾಡ್ಕೊಂಡು ಬಾ.”

ಇಡಿಟಿಎ ಎಂಬುದರ ಪೂರ್ತಿ ಹೆಸರನ್ನು ಅವಳು ಹೇಳಿ ಮುಗಿಸುವಷ್ಟರಲ್ಲಿ ನಾನು ಅಂಗಿಯ ಗುಂಡಿಗೆ ಒಂದು ಕಾಜ ಹೊಲಿದು ಮುಗಿಸಿದ್ದೆ. “ಇದನ್ನೆಲ್ಲ ಕಟ್ಕೊಂಡು ನಿನಗೇನಾಗ್ಬೇಕು?” ಎಂದೆ.

“ನಾನು ಹೊರೋದು ಏನು ಅಂತ ನನಗೆ ಗೊತ್ತಿರಬೇಡ್ವಾ?” ಎಂದಳು. ನನಗೆ ಸಿಟ್ಟು ಬಂತು, ಯಂತ್ರವನ್ನು ಜೋರಾಗಿ ತುಳಿದೆ.

ಹೋದ ತಿಂಗಳು ಎರಡು ದಿನ ವಾಂತಿಯಾಗಿ ನಾನೇ ಆ ಆಸ್ಪತ್ರೆ ಸೇರಿದೆ. ಬೆಳಿಗ್ಗೆ ನರ್ಸು ನರ ಹುಡುಕಿ ಹುಡುಕಿ ಸುಸ್ತಾಗಿ, ಕೆಂಪು ಮುಚ್ಚಳದ್ದೊಂದು, ನೇರಳೆ ಮುಚ್ಚಳದ್ದೊಂದು, ಎರಡು ಟ್ಯೂಬಿಗೆ ಅಷ್ಟಿಷ್ಟು ರಕ್ತ ತೆಗೆದಳು. ಹನ್ನೊಂದರ ಹೊತ್ತಿಗೆ ಡ್ರಿಪ್ಪಿನ ದೆಸೆಯಿಂದ ಚೇತರಿಸಿಕೊಂಡು, ದಿಂಬಿನ ಚೀಲದ ಸೊಟ್ಟ ಹೊಲಿಗೆಯನ್ನು ಬೈಯುತ್ತ ಕೂತಿದ್ದೆ. ಆಗ ಡಾಕ್ಟರು ಓಡಿ ಬಂದರು. ಚಿಕ್ಕ ವಯಸ್ಸಿನವರು.

“ರಕ್ತದಲ್ಲಿ ಪೊಟ್ಯಾಸಿಯಂ ಎಂಟಿದೆ, ಐದರೊಳಗಿರ್ಬೇಕು! ಹೀಗೇ ಬಿಟ್ರೆ ಹಾರ್ಟ್ ನಿಂತ್ಹೋಗುತ್ತೆ.”

ಎದೆಗೆ ವೈರು ಅಂಟಿಸಿದರು. ಇಸಿಜಿ ಸರಿಯಾಗಿಯೇ ಇತ್ತು. “ಆದ್ರೂ ಕಾಯೋಕಾಗಲ್ಲ, ಪೊಟ್ಯಾಸಿಯಂ ಇಳಿಸೋಕೆ ಇನ್ಸುಲಿನ್ ರೆಡಿ ಮಾಡಿ” ಎಂದು ನರ್ಸಿಗೆ ಹೇಳಿದರು.

ಲ್ಯಾಬಿನಿಂದ ವಾರ್ಡಿಗೆ ಫೋನು ಹೋದದ್ದು ನನ್ನ ಹೆಂಡತಿಯ ಕಿವಿಗೆ ಬಿದ್ದಿತ್ತು. ಎರಡು ಟ್ಯೂಬು ಹಿಡಿದು ಏದುಸಿರು ಬಿಡುತ್ತ ಬಂದಳು.

“ಡಾಕ್ಟ್ರೇ, ಆ ಇಂಜೆಕ್ಷನ್ ಕೊಡ್ಬೇಡಿ.”

“ನೀವು ಲ್ಯಾಬಿನೋರಲ್ವಾ? ಸ್ವಲ್ಪ ಆಚೆ ನಿಂತ್ಕೊಳ್ಳಿ.”

“ಕ್ಯಾಲ್ಸಿಯಂ ಎಷ್ಟಿದೆ ನೋಡಿ ಮೊದ್ಲು.”

ಡಾಕ್ಟರು ಹಾಳೆ ತಿರುವಿದರು. ಒಂಬತ್ತರ ಹತ್ತಿರ ಇರಬೇಕಾದದ್ದು ನಾಲ್ಕಿತ್ತು. ಅವರ ಕೈ ಅಲ್ಲೇ ನಿಂತಿತು.

“ಪೊಟ್ಯಾಸಿಯಂ ನೋಡೋ ಕೆಂಪು ಮುಚ್ಚಳದ್ರಲ್ಲಿ ರಕ್ತ ಸಾಲ್ಲಿಲ್ಲ ಅಂತ ನಮ್ಮೋರೇ ಯಾರೋ ನೇರಳೆ ಮುಚ್ಚಳದ್ರಿಂದ ಸುರಿದಿದಾರೆ. ಬೆಳಿಗ್ಗೆ ನಾನೇ ಹೊತ್ಕೊಂಡು ಹೋಗಿದ್ದೆ. ಆಗ ಈ ನೇರಳೇದು ಇಲ್ಲೀವರೆಗಿತ್ತು, ಈಗ ನೋಡಿ. ರಕ್ತ ಹೆಪ್ಪುಗಟ್ಟದ ಹಾಗೆ ಇದ್ರೊಳಗೆ ಹಾಕಿರೋದು ಕೆ-ಟು ಇಡಿಟಿಎ. ಕೆ ಅಂದ್ರೆ ಪೊಟ್ಯಾಸಿಯಂ ತಾನೆ? ಇಡಿಟಿಎ ಕ್ಯಾಲ್ಸಿಯಂನ ಹಿಡಿದಿಟ್ಕೊಳ್ಳುತ್ತೆ. ಅದಕ್ಕೇ ಒಂದು ಏರಿದೆ, ಇನ್ನೊಂದು ಇಳಿದಿದೆ. ಆ ಪೊಟ್ಯಾಸಿಯಂ ಟ್ಯೂಬಿಂದು, ಇವರದ್ದಲ್ಲ.”

ನರ್ಸು ಸಿರಿಂಜ್ ಹಿಡಿದು ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

“ನೀವು ಹೇಳಿದ್ದು ತಪ್ಪಾದ್ರೆ?” ಎಂದರು ಡಾಕ್ಟರು.

“ತಪ್ಪಾದ್ರೆ ಹೋಗೋದು ನನ್ನ ಗಂಡ.”

ಡಾಕ್ಟರು ಸಿರಿಂಜನ್ನು ಟ್ರೇಗೆ ಹಾಕಿಸಿದರು. ತಾವೇ ಹೊಸದಾಗಿ ರಕ್ತ ತೆಗೆದು ಅವಳ ಕೈಗೇ ಕೊಟ್ಟರು. ಇಪ್ಪತ್ತು ನಿಮಿಷ ಮಾನಿಟರಿನ ಮುಂದಿನಿಂದ ಕದಲಲಿಲ್ಲ. ನಾನಂತೂ ಎದೆಯ ಮೇಲೆ ಕೈಯಿಟ್ಟುಕೊಂಡು ಒಂದೊಂದು ಬಡಿತವನ್ನೂ ಎಣಿಸಿದೆ.

ಅವಳೇ ರಿಪೋರ್ಟ್ ತಂದಳು. ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ಎರಡು. ಯಾವ ತೊಂದರೆಯೂ ಇಲ್ಲ.

“ಇಲ್ಲದ ಪೊಟ್ಯಾಸಿಯಂ ಇಳಿಸೋಕೆ ಹೋಗಿದ್ದೆ. ಇವರ ಜೀವಕ್ಕೇ ಕುತ್ತಾಗ್ತಿತ್ತು” ಎಂದ ಡಾಕ್ಟರು ಅವಳಿಗೆ ಕೈಮುಗಿದರು. ಅವಳು ನಾಚಿ ಬಾಗಿಲ ಕಡೆ ಹೊರಟಳು.

ಪಕ್ಕದ ಮಂಚದ ಅಜ್ಜ ಬಗ್ಗಿ ಕೇಳಿದ: “ಅವ್ರು ಯಾವ ಡಾಕ್ಟ್ರಪ್ಪಾ?”

ಹೆಂಡತಿಗೇನು ಕೆಲಸ ಎಂದು ಗಿರಾಕಿಗಳು ಕೇಳಿದಾಗ “ಆಸ್ಪತ್ರೇಲಿ” ಎಂದಷ್ಟೇ ಹೇಳಿ, ಬಾಯಿಗೆ ಗುಂಡುಪಿನ್ನು ಕಚ್ಚಿಕೊಂಡು ವರ್ಷಗಟ್ಟಲೆ ಮಾತು ಮರೆಸಿದವನು ನಾನು. ಅದು ನೆನಪಾಗಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಡ್ರಿಪ್ಪು ಚುಚ್ಚಿದ್ದ ಕೈಯನ್ನೇ ಎತ್ತಿ ಅವಳ ಕಡೆ ತೋರಿಸಿದೆ.

“ಡಾಕ್ಟ್ರಲ್ಲ ಅಜ್ಜಾ, ಲ್ಯಾಬಲ್ಲಿ ಟ್ಯೂಬ್ ತೊಳೀತಾಳೆ. ನನ್ನ ಹೆಂಡ್ತಿ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ.