ತಟ್ಟದೆ ಎತ್ತಿದ ಶಟರ್

ವಸಂತಿ ಬೈಕುಲ್ಲಾದಲ್ಲಿ ಇಳಿದು ತಮ್ಮ ಸುಕೇಶನ ಹೋಟೆಲಿಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಫ್ಯಾನುಗಳು ಮಾತ್ರ ತಿರುಗುತ್ತಿದ್ದವು.

ಗಂಡ ಪೂವಪ್ಪ ತೀರಿಕೊಂಡ ಮೇಲೆ ಬಂದ ಹಣದಲ್ಲಿ ಅರ್ಧವನ್ನು ಅವಳು ಈ ಹೋಟೆಲಿಗೆ ಸುರಿದಿದ್ದಳು. ಉಳಿದರ್ಧ ಬ್ಯಾಂಕಿನಲ್ಲಿತ್ತು, ಗೋರೆಗಾಂವಿನ ಅವಳ ಒಂಟಿ ಬದುಕು ಅದರ ಬಡ್ಡಿಯ ಮೇಲೆ ನಿಂತಿತ್ತು. ಸುಕೇಶ ಈಗ ಅದನ್ನೂ ಕೇಳುತ್ತಿದ್ದ.

"ಎಂತಕ್ಕೆ?"

"ಪಕ್ಕದ ಅಂಗಡಿ ಖಾಲಿಯಾಗಿದೆ ಅಕ್ಕ. ಗೋಡೆ ಒಡೆದರೆ ಇನ್ನಷ್ಟು ಟೇಬಲ್ ಹಾಕಬಹುದು."

"ಇದ್ದ ಟೇಬಲಿಗೆ ನೊಣ ಸಹ ಬರುವುದಿಲ್ಲ, ಇನ್ನೂ ಟೇಬಲಾ? ಮಂಡೆ ಸಮ ಉಂಟಾ ನಿಂಗೆ?"

ಸುಕೇಶ ನಗಲಿಲ್ಲ. "ಸ್ವಲ್ಪ ಹೊತ್ತು ಕೂತು ನೋಡು."

ಅವಳು ಗಲ್ಲಾದ ಪಕ್ಕ ಕೂತಳು. ಆಫೀಸಿನ ಇಬ್ಬರು ಬಾಗಿಲಿಗೆ ಬಂದು ಒಳಗೊಮ್ಮೆ ಕಣ್ಣಾಡಿಸಿದರು. "ಫುಲ್ ಹೈ ಯಾರ್," ಎಂದು ಒಬ್ಬ ಇನ್ನೊಬ್ಬನ ತೋಳೆಳೆದುಕೊಂಡು ಹೋದ. ಆಮೇಲೆ ಮಗು ಎತ್ತಿಕೊಂಡ ಹೆಂಗಸೊಬ್ಬಳು ಒಳಗೇ ಬಂದಳು. "ಜಾಗಾ ನಾಹೀ ಕಾ?" ಎಂದವಳು ಉತ್ತರಕ್ಕೂ ಕಾಯದೆ, ಯಾರಿಗೋ ಮೈ ತಾಗದಂತೆ ಸೊಂಟ ತಿರುಗಿಸಿಕೊಂಡು ಹೊರಗೆ ಹೋದಳು.

ವಸಂತಿ ಸುಕೇಶನ ಕಡೆ ತಿರುಗಿದಳು. "ಯಾವಾಗಿಂದ?"

"ದೀಪಾವಳಿಯಿಂದ. ನನ್ನ ರೂಮಿನಲ್ಲಿ ಜಾಗ ಸಾಲುವುದಿಲ್ಲ ಅಂತ, ತೀರಿಹೋದ ನಮ್ಮವರಿಗೆಲ್ಲ ಈ ಸಲ ಇಲ್ಲೇ ಎಲೆ ಹಾಕಿದೆ. ಎಲ್ಲರನ್ನೂ ಕರೆದು, ಬಡಿಸಿ, ಶಟರ್ ಎಳೆದು ಹೊರಗೆ ನಿಂತೆ." ಅವನ ದನಿ ಇಳಿಯಿತು. "ಎತ್ತುವ ಮೊದಲು ತಟ್ಟಬೇಕಲ್ಲ, ಉಂಡಾಯಿತು, ಹೊರಡಿ ಅಂತ? ಮರೆತೆ. ದಿನಾ ಎತ್ತುವ ಹಾಗೆ ದರ್ರನೆ ಎತ್ತಿಬಿಟ್ಟೆ."

"ಅರ್ಧ ಚಾ ಕುಡಿಯುವಾಗಲೇ ಗಿರಾಕಿಯನ್ನು ಏಳಿಸುವವ ನೀನು. ಇವರನ್ನು ಏಳಿಸಲಿಕ್ಕೆ ಆಗಲಿಲ್ಲವಾ?"

"ಹೇಳಿ ನೋಡಿದೆ. ಏಳುವುದಿಲ್ಲ ಅಕ್ಕ. ಅವರು ಇಲ್ಲಿರಲಿ, ಗಿರಾಕಿಗಳಿಗೆ ಆಚೆ ಜಾಗ ಮಾಡುವ ಅಂತ."

"ಇದ್ದದ್ದೂ ಹೋದರೆ ನಾನು ಎಲ್ಲಿಗೆ ಹೋಗಲಿ? ಕೊಡುವುದಿಲ್ಲ. ಹೋಟೆಲು ಮುಚ್ಚು," ಎಂದು ವಸಂತಿ ಎದ್ದಳು.

ರಸ್ತೆ ದಾಟಿ, ಆಚೆ ಫುಟ್‌ಪಾತಿನಿಂದ ಒಮ್ಮೆ ತಿರುಗಿ ನೋಡಿದಳು.

ಹೋಟೆಲು ತುಂಬಿತ್ತು. ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ಉಣ್ಣುತ್ತಿರಲಿಲ್ಲ. ಮುಖಗಳೆಲ್ಲ ಅಡುಗೆಮನೆಯ ಕಡೆಗಿದ್ದವು. ಇನ್ನೊಂದು ಕುರ್ಚಿ ಇಡಲಿಕ್ಕೂ ಸ್ಥಳವಿರಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಪೂವಪ್ಪ ನಿಂತಿದ್ದ. ಮದುವೆಮನೆಯಲ್ಲೂ ಲೋಕಲ್ ರೈಲಿನಲ್ಲೂ ಬೇರೆಯವರಿಗೆ ಜಾಗ ಬಿಟ್ಟುಕೊಟ್ಟು ನಿಲ್ಲುತ್ತಿದ್ದ ಮನುಷ್ಯ. ಒದ್ದೆ ಕೈಯನ್ನು ಎದೆಯ ಮುಂದೆ ಹಿಡಿದು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಯಾರಾದರೂ ಏಳುತ್ತಾರೋ ಎಂದು ನೋಡುತ್ತಿದ್ದ. ದೀಪಾವಳಿಯಿಂದ ಹಾಗೇ ನಿಂತಿದ್ದನೇನೋ.

ವಸಂತಿ ರಸ್ತೆಗೆ ಇಳಿದಳು. ಬಸ್ಸೊಂದು ಹಾರ್ನ್ ಹೊಡೆಯಿತು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಮತ್ತೆ ಯಾರೂ ಇರಲಿಲ್ಲ. ನಲ್ಲಿಯ ಕೆಳಗೆ ನೆಲ ಮಾತ್ರ ಒದ್ದೆಯಾಗಿತ್ತು.

"ಅಕ್ಕ?"

"ಗೋಡೆ ಒಡೆ," ಎಂದಳು. "ಮೊದಲ ಟೇಬಲ್ ನಲ್ಲಿಯ ಹತ್ತಿರ ಹಾಕು. ಯಾವ ಗಿರಾಕಿ ಬಂದರೂ ಅಲ್ಲಿ ಕೂರಿಸಬೇಡ."